ಹಳ್ಳಿಯ ಬರವಣಿಗೆಗೆ ನೀರಿನ ಒರೆಗಲ್ಲು

ತುಮಕೂರು ನಗರದ ನಲ್ಲಿಗಳಲ್ಲಿ ಈಗ ಬರುವ ನೀರು ಬಹುಮಟ್ಟಿಗೆ ಹೇಮಾವತಿಯದೆಂಬುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಮೂಡಿಗೆರೆಯ ಕಡೆಯ ಮಲೆಗಳಲ್ಲಿ ಹುಟ್ಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಯೊಡನೆ ಒಂದಾಗುವ ಆ ನದಿ ಸ್ವಭಾವತಃ ನಮ್ಮ ಜಿಲ್ಲೆಯ ನದಿಯಲ್ಲ. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟೆಯಿಂದ ಹೊರಟ ಕಾಲುವೆಯು ಬಾಗೂರು-ನವಿಲೆಯ ಸುರಂಗವನ್ನು ನುಸುಳಿ ಇತ್ತ ಬಂದುದರಿಂದ ಬುಗುಡನಹಳ್ಳಿಯ ಕೆರೆ ತುಂಬಿ, ನಾವು ಆ ನೀರನ್ನು ಕುಡಿಯುವಂತಾಯಿತು. ಆದರೆ ಕನ್ನಡ ಓದಬಲ್ಲ ಮನೆಗಳಿಗೆ ಹೇಮಾವತಿಯು ಬಂದುದು ಕಾಲುವೆಗಿಂತ ಅರ್ಧ ಶತಮಾನ ಮೊದಲು. 1930ರಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಹಳ್ಳಿಯ ಚಿತ್ರಗಳು’ ಅಚ್ಚಾದಾಗ, ಆ ನದಿಯ ದಡದ ಒಂದು ಸಣ್ಣ ಊರು ಕನ್ನಡಿಗರೆಲ್ಲರ ಊರಾಯಿತು. ನದಿಯ ನೀರನ್ನು ಕುಡಿಯುವವರು ಅದರ ದಡದವರ ಕಥೆಯನ್ನು ಮತ್ತೊಮ್ಮೆ ಓದುವುದು ಋಣ ತೀರಿಸುವ ಒಂದು ಬಗೆಯೆಂದು ಭಾವಿಸಿ, ಈಚೆಗೆ ಗೊರೂರರ ಪುಸ್ತಕಗಳನ್ನು ಮತ್ತೆ ತೆರೆದೆನು. ಆ ಓದಿನಿಂದ ಹುಟ್ಟಿದ ಒಂದು ವಿಚಾರವನ್ನು ಸಹೃದಯರ ಮುಂದಿಡುವುದು ಈ ಲೇಖನದ ಉದ್ದೇಶ.

ಗೊರೂರರಿಗೆ ಮುಂಚೆ ಹಳ್ಳಿಯು ಕನ್ನಡ ಗದ್ಯದಲ್ಲಿ ಬಂದಿರಲಿಲ್ಲವೆಂದಲ್ಲ. ಮಾಸ್ತಿಯವರ ಕಥೆಗಳಲ್ಲಿ ಅದು ಆಗಲೇ ಇದ್ದಿತು. ಆದರೆ ಕಥೆಗಾರನಿಗೆ ಹಳ್ಳಿಯು ಕಥೆ ನಡೆಯುವ ನೆಲೆ. ಗೊರೂರರಿಗೆ ಹಳ್ಳಿಯೇ ವಸ್ತು. ಅಲ್ಲಿ ಏನೂ ನಡೆಯದಿದ್ದರೂ ಅವರಿಗೆ ಬರೆಯಲು ಅಡ್ಡಿಯಿಲ್ಲ. ಎಮ್ಮೆಗೆ ಮಾತು ತಿಳಿಯುವುದೇ ಎಂಬ ಪ್ರಶ್ನೆಯೊಂದೇ ಅವರಿಗೆ ಒಂದು ಪ್ರಬಂಧಕ್ಕೆ ಸಾಕು. ಪಂಡಿತರ ಗದ್ಯವು ಇನ್ನೂ ಸಮಾಸಗಳ ಭಾರದಿಂದ ಬಾಗಿದ್ದ ಕಾಲದಲ್ಲಿ ಅವರು ಜಗುಲಿಯ ಮೇಲೆ ಕುಳಿತು ನೆರೆಯವರೊಡನೆ ಮಾತನಾಡುವಂತೆ ಬರೆದರು. ಮಾತು ಒಂದರಿಂದ ಇನ್ನೊಂದಕ್ಕೆ ಹೊರಳಿ, ದಾರಿ ತಪ್ಪಿತೆಂದು ನಾವು ತಿಳಿಯುವಷ್ಟರಲ್ಲಿ ಹೊರಟ ಮನೆಗೇ ಬಂದು ಸೇರುವುದು. ಊರಿನವರನ್ನು ಕುರಿತು ನಗುವರು. ಆ ನಗುವಿನಲ್ಲಿ ತಾವೂ ಒಬ್ಬರೆಂಬುದನ್ನು ಮರೆಯುವುದಿಲ್ಲ. ‘ನಮ್ಮ ಊರಿನ ರಸಿಕರು’ ಎಂಬ ಹೆಸರಿನಲ್ಲಿಯೇ ಅವರ ಕಲೆಯ ಗುಟ್ಟು ಅಡಗಿದೆ. ರಸಿಕತೆಯು ನಗರದ, ಆಸ್ಥಾನದ ಸೊತ್ತೆಂದು ನಂಬಿದ್ದ ಕಾಲದಲ್ಲಿ, ಅದು ಹೊಳೆಯ ದಡದ ಹಳ್ಳಿಯಲ್ಲಿಯೂ ಇದೆಯೆಂದು ಅವರು ತೋರಿಸಿದರು.

ಅವರನ್ನು ಕೇವಲ ವಿನೋದಗಾರರೆಂದು ಎಣಿಸುವುದೂ ತಪ್ಪು. ‘ಭೂತಯ್ಯನ ಮಗ ಅಯ್ಯು’ ಎಂಬ ಅವರ ಕಥೆಯನ್ನು, 1974ರಲ್ಲಿ ಅದು ಚಲನಚಿತ್ರವಾದುದರಿಂದ, ಓದದವರೂ ಬಲ್ಲರು. ಸಾಲ ಕೊಟ್ಟು ಊರನ್ನು ಹಿಂಡಿದವನ ಮೇಲಣ ಹಗೆಯು ಅವನ ಸಾವಿನೊಡನೆ ಸಾಯದೆ ಮಗನ ತಲೆಗೆ ಬರುವುದು. ಇಡೀ ಊರು ಒಂದು ಮನೆಗೆ ಶತ್ರುವಾಗಿ ನಿಲ್ಲುವುದು. ಕಡೆಗೆ ಎರಡು ಕಡೆಯವರಿಗೂ ಮನುಷ್ಯತ್ವವು ತಡವಾಗಿ ನೆನಪಿಗೆ ಬರುವುದು. ಹಳ್ಳಿಯ ಕ್ರೌರ್ಯವನ್ನು ಅರಿಯದವರು ಇದನ್ನು ಬರೆಯಲಾರರು. ಆದುದರಿಂದ ಗೊರೂರರ ಹಳ್ಳಿಯು ಹಾಲುಜೇನಿನ ಹಳ್ಳಿಯೆಂಬ ಆಕ್ಷೇಪಣೆಯು ನಿಲ್ಲತಕ್ಕದ್ದಲ್ಲ. ನನ್ನ ವಿಚಾರವು ಬೇರೊಂದು ಕಡೆಯಿಂದ ಹೊರಟಿದೆ. ಅದನ್ನು ಹೇಳಬೇಕಾದರೆ ಸ್ವಂತದ ಒಂದೆರಡು ಮಾತು ಅನಿವಾರ್ಯ, ವಾಚಕರು ಕ್ಷಮಿಸಬೇಕು.

ನಾನು ಬಾಲ್ಯವನ್ನು ಕಳೆದುದು ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಗ್ರಾಮದಲ್ಲಿ. ಅಲ್ಲಿ ಎರಡು ಬಾವಿಗಳಿದ್ದುವು. ಒಂದು ಗುಡಿಯ ಹಿಂದೆ. ಇನ್ನೊಂದು ಊರಾಚೆ, ಹುಣಿಸೆಯ ತೋಪಿನ ಬಳಿ. ಎರಡೇಕೆ ಎಂದು ನಾನು ಎಂದೂ ಕೇಳಲಿಲ್ಲ. ಸೂರ್ಯ ಒಬ್ಬನೇ ಏಕೆ ಎಂದೂ ಕೇಳಲಿಲ್ಲ. ಮುಂದೆ ತುಮಕೂರಿನಲ್ಲಿ ಓದುತ್ತಿದ್ದಾಗ ನಮ್ಮ ಊರಿನವನೇ ಆದ ಸಹಪಾಠಿಯೊಬ್ಬನಿಗೆ ಗೊರೂರರ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆನು. ಆತನು ಹುಣಿಸೆಯ ತೋಪಿನ ಬಾವಿಯ ಕಡೆಯವನು. ನನಗಿಂತ ಮುಂಚೆಯೇ ನಗುತ್ತಿದ್ದನು. ಆತನ ನಗುವಿನಲ್ಲಿ ಕಪಟವಿರಲಿಲ್ಲ. ಒಂದು ಸಂಜೆ ಓದು ಮುಗಿದ ಮೇಲೆ, “ತುಂಬ ಚೆನ್ನಾಗಿದೆ. ಆದರೆ ಆ ಊರಿನಲ್ಲಿ ನಮ್ಮವರು ನೀರು ಎಲ್ಲಿಂದ ತರುತ್ತಿದ್ದರು?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕದಲ್ಲಿ ಹುಡುಕುವೆನೆಂದು ಹೇಳಿ ಮಾತನ್ನು ತೇಲಿಸಿದೆನು. ಗೊರೂರಿನ ಮಾತು ಹಾಗಿರಲಿ. ನಮ್ಮ ಊರಿನ ಆ ಎರಡನೆಯ ಬಾವಿಯ ನೀರು ಸಿಹಿಯೋ ಸವುಳೋ ಎಂಬುದೇ ನನಗೆ ತಿಳಿದಿರಲಿಲ್ಲವೆಂಬುದು ಆ ರಾತ್ರಿ ಹೊಳೆಯಿತು.

ಅಂದಿನಿಂದ, ಹಳ್ಳಿಯನ್ನು ಕುರಿತ ಯಾವ ಬರವಣಿಗೆಯನ್ನು ಓದಿದರೂ ಆ ಪ್ರಶ್ನೆಯೇ ನನಗೆ ಒರೆಗಲ್ಲಾಗಿ ಉಳಿದಿದೆ. ಭಾಷೆ ಹೇಗಿದೆ, ಪಾತ್ರಗಳು ಜೀವಂತವೇ, ರಸವು ಪುಷ್ಟವಾಗಿದೆಯೇ ಎಂಬ ಪ್ರಶ್ನೆಗಳನ್ನು ಎಲ್ಲ ವಿಮರ್ಶಕರೂ ಕೇಳುವರು, ಕೇಳತಕ್ಕದ್ದೇ. ಅವುಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕೆಂಬುದು ನನ್ನ ಬಿನ್ನಹ: ಈ ಊರಿನ ಜನರಿಗೆ ನೀರು ಎಲ್ಲಿಂದ, ಮತ್ತು ಅದನ್ನು ಯಾರು ಮುಟ್ಟಬಹುದು? ನೀರನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಅನ್ನವನ್ನು ಬಚ್ಚಿಟ್ಟು ಉಣ್ಣಬಹುದು. ಪೂಜೆಯನ್ನು ಬಾಗಿಲು ಹಾಕಿ ಮಾಡಬಹುದು. ನೀರಿಗೆ ಮಾತ್ರ ಎಲ್ಲರೂ ದಿನವೂ ಮನೆಯಿಂದ ಹೊರಬರಲೇಬೇಕು. ಒಂದು ಊರು ತನ್ನನ್ನು ಹೇಗೆ ಹಂಚಿಕೊಂಡಿದೆ ಎಂಬುದು ಬಾವಿಯ ಕಟ್ಟೆಯಲ್ಲಿ ಕಾಣುವಂತೆ ಬೇರೆಲ್ಲಿಯೂ ಕಾಣುವುದಿಲ್ಲ. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡ್ ಪಟ್ಟಣದ ಚವದಾರ್ ಕೆರೆಗೆ ಇಳಿದು ನೀರು ಕುಡಿದುದು ಬಾಯಾರಿಕೆಗಾಗಿ ಅಲ್ಲ. ‘ಹಳ್ಳಿಯ ಚಿತ್ರಗಳು’ ಹೊರಬಂದುದು ಅದಾದ ಮೂರು ವರ್ಷಕ್ಕೆ.

ಈ ಒರೆಗಲ್ಲನ್ನು ಮೊದಲು ನಮ್ಮ ಸೀಮೆಯ ಹಳೆಯ ದಾಖಲೆಗಳಿಗೆ ಉಜ್ಜಿ ನೋಡೋಣ. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಶಾಸನಗಳಲ್ಲಿ ದಾನಿಯ ವಂಶವಿರುವುದು, ಬಿರುದುಗಳಿರುವುವು, ಗದ್ದೆಯ ಎಲ್ಲೆ ಇರುವುದು; ಅಳುಪಿದವರಿಗೆ ಶಾಪವೂ ಇರುವುದು. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಂತಿತು. ಮಣ್ಣು ಹೊತ್ತವರ ಹೆಸರು ಮಣ್ಣಿಗೆ ಹೋಯಿತು. ಇದು ಶಾಸನದ ದೋಷವಲ್ಲ, ಧರ್ಮ. ಅದು ದಾನಪತ್ರವೇ ಹೊರತು ಊರಿನ ಚರಿತ್ರೆಯಲ್ಲ.

ಆದರೆ ಈ ಕೊರತೆಯನ್ನು ಜನರು ಸಹಿಸಲಿಲ್ಲವೆಂಬುದಕ್ಕೆ ತುಮಕೂರಿನ ಬಳಿಯ ಕೈದಾಳವೇ ಸಾಕ್ಷಿ. ಅಲ್ಲಿಯ ಚೆನ್ನಕೇಶವ ದೇವಾಲಯವು 12ನೆಯ ಶತಮಾನದ ನಡುವೆ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, ಬಾಚಿ ಎಂಬ ಸಾಮಂತನಿಂದ ಆದುದು. ಊರಿನವರ ಬಾಯಲ್ಲಿರುವ ಕಥೆಯಲ್ಲಿ ಈ ಸಾಮಂತನಿಗೆ ಸ್ಥಾನವಿಲ್ಲ. ಅಲ್ಲಿರುವುದು ಜಕಣಾಚಾರಿ, ಬಿಟ್ಟುಹೋದ ಹೆಂಡತಿ, ಬೇಲೂರಿನಲ್ಲಿ ತಂದೆಯೆಂದರಿಯದೆ ತಂದೆಯ ವಿಗ್ರಹದಲ್ಲಿ ದೋಷ ತೋರಿಸಿದ ಮಗ ಡಂಕಣ, ಕಲ್ಲಿನೊಳಗಿಂದ ಹೊರಬಂದ ಕಪ್ಪೆ ಮತ್ತು ನೀರು, ತಾನೇ ಕಡಿದುಕೊಂಡ ಕೈ ಈ ಊರಿನಲ್ಲಿ ಮರಳಿ ಬಂದುದು. ಇತಿಹಾಸಜ್ಞರು ಜಕಣಾಚಾರಿಯು ನಿಜವಾಗಿ ಇದ್ದನೆಂಬುದನ್ನು ಸಂದೇಹಿಸುವರು. ಸಂದೇಹಿಸಲಿ. ಕಥೆಯ ಸತ್ಯವು ಬೇರೆಡೆಯಲ್ಲಿದೆ. ಶಾಸನವು ಮಾಡಿಸಿದವನನ್ನು ಹೇಳಿ ಸುಮ್ಮನಾಯಿತು. ಊರು ಮಾಡಿದವನನ್ನು ಕೇಳಿತು. ಹೆಸರಿಲ್ಲದ ಕೈಗೆ ಹೆಸರು ಕೊಟ್ಟು, ಹೆಂಡತಿ ಮಕ್ಕಳನ್ನು ಕೊಟ್ಟು, ಅಹಂಕಾರವನ್ನೂ ಪಶ್ಚಾತ್ತಾಪವನ್ನೂ ಕೊಟ್ಟಿತು. ಇದೂ ಒಂದು ವಿಮರ್ಶೆಯೇ; ಬರೆಯಲು ಬಾರದವರು ಬರೆದವರ ಮೇಲೆ ಮಾಡಿದ ವಿಮರ್ಶೆ.

ಇನ್ನು ಕುಣಿಗಲ್ ಕೆರೆಯ ಹಾಡು. ಅದನ್ನು ಕೇಳದ ಕನ್ನಡಿಗರು ವಿರಳ. ಕಟ್ಟಿದವರು ಯಾರೆಂದು ಬಲ್ಲವರು ಇಲ್ಲ. ಕೆರೆಯ ಮೇಲೆ ಚಂದ್ರನು ಮೂಡುವುದು, ಸಂತೆಯ ಹಾದಿಯ ಕಲ್ಲುಕಟ್ಟೆ, ಶಿವನೂ ನೋಡಲು ಬರುವ ಚೆಲುವು, ಇಷ್ಟೇ ಅದರ ವಸ್ತು. ಮಹಾಕವಿಗಳು ಸರೋವರವನ್ನು ಕಂಡರೆ ಸಮುದ್ರವನ್ನೋ ಆಕಾಶವನ್ನೋ ನೆನೆಯುವರು. ಈ ಹಾಡಿನವರು ತುಂಬಿದ ಕೆರೆಯನ್ನು ಕಂಡು ನೆನೆದುದು ಅಂಗೈಯಲ್ಲಿ ಹಿಡಿಯಬಹುದಾದ ಹಣ್ಣುಗಳನ್ನು. ಕೆರೆಯನ್ನು ಹಿಗ್ಗಿಸುವ ಬದಲು ಕೈಗೆ ಎಟಕುವಂತೆ ಮಾಡಿಕೊಂಡುದು ಈ ಹಾಡಿನ ಸೊಗಸು. ಅದು ಬರಿಯ ಕಣ್ಣಿನ ಹಬ್ಬವೆಂದು ನಗರದವರು ತಿಳಿಯಬಾರದು. ಕೆರೆಯ ಕೆಳಗೆ ಗದ್ದೆ ಮಾಡುವವನಿಗೆ ತುಂಬಿದ ಕೆರೆಯೆಂದರೆ ಮುಂದಿನ ವರ್ಷದ ಅನ್ನ. ಅದನ್ನು ನೋಡುವುದೆಂದರೆ ಕಣಜವನ್ನು ನೋಡಿದಂತೆ. ಒರೆಗಲ್ಲಿಗೆ ಉಜ್ಜಿದರೆ ಹಾಡು ಏನು ಹೇಳುವುದು? ನೋಡುವವರು ಯಾರೆಂದು ಅದು ಹೇಳುವುದೇ ಇಲ್ಲ. ಸಂತೆಯ ಹಾದಿಯಲ್ಲಿ ಬರುವವರೆಲ್ಲರೂ ನೋಡಬಹುದು. ಕೆರೆಗೆ ಇಳಿಯುವ ಮೆಟ್ಟಿಲಲ್ಲಿ ಭೇದವಿದ್ದ ಕಾಲದಲ್ಲಿ ಹಾಡು ಯಾರನ್ನೂ ತಡೆಯಲಿಲ್ಲ.

ಆದರೆ ಜನಪದರು ನೀರಿನ ಚೆಲುವನ್ನು ಮಾತ್ರ ಕಂಡವರಲ್ಲ. ‘ಕೆರೆಗೆ ಹಾರ’ ಎಂಬ ಕಥನಗೀತದಲ್ಲಿ ಕಲ್ಲನಕೇರಿಯ ಮಲ್ಲನಗೌಡನ ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯು ಬಲಿಯಾಗುವಳು. ದಂಡಿನಿಂದ ಬಂದ ಗಂಡನು ಅದೇ ಕೆರೆಗೆ ಹಾರುವನು. ಊರಿಗೆ ನೀರು ಬಂದಿತು. ಬೆಲೆಯನ್ನು ತೆತ್ತವಳು ಆ ಮನೆಯಲ್ಲಿ ಎದುರು ಮಾತನಾಡಲಾರದವಳು. ಒಂದು ಹಾಡು ತುಂಬಿದ ಕೆರೆಯನ್ನು ತೋರಿಸಿತು, ಇನ್ನೊಂದು ಅದನ್ನು ಯಾರಿಂದ ತುಂಬಿಸಿದರೆಂದು ಹೇಳಿತು. ಅಕ್ಷರವರಿಯದವರ ಸಾಹಿತ್ಯದಲ್ಲಿ ಈ ಎರಡೂ ಪ್ರಶ್ನೆಗಳು ಆಗಲೇ ಇದ್ದುವು. ಹಾಗಾದರೆ ಅಕ್ಷರವಂತರ ಗದ್ಯವು ಏನು ಮಾಡಿತು?

ಗೊರೂರರಿಗೇ ಹಿಂದಿರುಗೋಣ. ಅವರ ಹೇಮಾವತಿಯು ಮೀಯುವ ಹೊಳೆ, ಈಜುವ ಹೊಳೆ, ಮಾತಿಗೂ ಸಂಧ್ಯಾವಂದನೆಗೂ ಜನರು ಸೇರುವ ಹೊಳೆ. ಎಲ್ಲ ಕಸುಬಿನವರೂ ಅವರ ಪುಟಗಳಿಗೆ ಬರುವರು. ಯಾರನ್ನೂ ಅವರು ಹೀಯಾಳಿಸುವುದಿಲ್ಲ. ಗಾಂಧೀಜಿಯವರ ಅನುಯಾಯಿಗಳಾದ ಅವರಲ್ಲಿ ಸಮಾನತೆಯ ಶ್ರದ್ಧೆಗೆ ಕೊರತೆಯಿರಲಿಲ್ಲ. ಆದರೂ ನೋಡುವ ಕಣ್ಣು ಅಗ್ರಹಾರದ ಜಗುಲಿಯ ಮೇಲೆ ಕುಳಿತ ಕಣ್ಣು. ಇತರರು ಜಗುಲಿಯ ಮುಂದೆ ಬಂದಾಗ ಕಾಣುವರು, ಮಾತನಾಡುವರು, ನಮ್ಮನ್ನು ನಗಿಸುವರು. ಬೀದಿಯ ತಿರುವಿನಲ್ಲಿ ಮರೆಯಾಗುವರು. ಅವರು ಹೋದ ಮನೆಯೊಳಗೆ ಆ ಸಂಜೆ ಏನು ನಡೆಯಿತೆಂಬುದನ್ನು ಜಗುಲಿಯು ಹೇಗೆ ಬಲ್ಲುದು? ಇದು ಲೇಖಕರ ಹೃದಯದ ಸಣ್ಣತನವಲ್ಲ, ಅವರು ಕುಳಿತ ಸ್ಥಳದ ಎಲ್ಲೆ.

ಎಲ್ಲೆಯ ಆಚೆ ಏನಿತ್ತೆಂಬುದನ್ನು ಮೂರೇ ವರ್ಷದಲ್ಲಿ ಇನ್ನೊಬ್ಬರು ತೋರಿಸಿದರು. ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದುದು 1933ರಲ್ಲಿ. ತುಂಡು ಭೂಮಿಯನ್ನು ಉಳಬೇಕೆಂಬ ಆಸೆಯಲ್ಲಿಯೇ ಬದುಕು ಸವೆಸಿದ ಚೋಮನ ಮಗನು ಹೊಳೆಯಲ್ಲಿ ಮುಳುಗುವಾಗ, ದಡದಲ್ಲಿ ಜನರಿದ್ದರು. ಮುಟ್ಟಬಾರದೆಂಬ ಕಟ್ಟಳೆಯೂ ಇತ್ತು. ಹುಡುಗನು ಸತ್ತನು. ಅದೂ ಹೊಳೆ, ಇದೂ ಹೊಳೆ. ಅದೂ ಕನ್ನಡ, ಇದೂ ಕನ್ನಡ. ಒಂದರಲ್ಲಿ ಈಜಿ ನಲಿದವರು, ಇನ್ನೊಂದರಲ್ಲಿ ಮುಳುಗಿದವನು. ಗೊರೂರರನ್ನು ಓದಿ ನಕ್ಕ ಮನೆಗಳಲ್ಲಿ ಕಾರಂತರನ್ನು ಓದಿದಾಗ ಮೌನ ಕವಿದಿರಬೇಕು. ಆದರೆ ಇಲ್ಲಿಯೂ ವಿಮರ್ಶಕನು ಒಂದು ಮಾತು ಹೇಳಬೇಕಾಗುವುದು. ಕಾರಂತರೂ ಚೋಮನ ಗುಡಿಸಿಲನ್ನು ಹೊರಗಿನಿಂದ ಬಂದು ಹೊಕ್ಕವರೇ. ಆಳವಾದ ಅನುಕಂಪದಿಂದ ಹೊಕ್ಕರು. ದುಃಖವನ್ನು ಪೂರ್ಣವಾಗಿ ಕಂಡರು. ಚೋಮನ ನಗುವು ಮಾತ್ರ ಅಲ್ಲಿ ವಿರಳ. ದುಡಿಯ ಸದ್ದೊಂದೇ ಅವನ ಮಾತಾಯಿತು.

ಪಂಡಿತರ ಶೋಧನೆಯೂ ಈ ಎಲ್ಲೆಯನ್ನು ದಾಟಲು ಕಷ್ಟಪಟ್ಟಿದೆ. ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ನೆಲಸಿ, ಅದಕ್ಕೆ ರಾಂಪುರವೆಂದು ಹೆಸರಿಟ್ಟು ಅಧ್ಯಯನ ನಡೆಸಿದರು. 1970ರಲ್ಲಿ ಅಮೆರಿಕದಲ್ಲಿ ಬೆಂಕಿಯು ಅವರ ಟಿಪ್ಪಣಿಗಳನ್ನು ಸುಟ್ಟಾಗ, ನೆನಪಿನಿಂದಲೇ ಬರೆದ ಗ್ರಂಥವು 1976ರಲ್ಲಿ ಹೊರಬಂದಿತು. ಅಂಕಿಗಳು ಸುಟ್ಟುದರಿಂದ ಜನರು ಉಳಿದರು. ಶಾಸ್ತ್ರಗ್ರಂಥವು ಸಾಹಿತ್ಯದ ಬಳಿಗೆ ಬಂದಿತು. ಊರಿನ ಮುಖಂಡನ ಆಶ್ರಯದಲ್ಲಿದ್ದ ತಮಗೆ ಊರು ಮೇಲಿನವರ ಕಡೆಯಿಂದಲೇ ಹೆಚ್ಚಾಗಿ ಕಂಡಿತೆಂಬುದನ್ನು ಆ ಮಹನೀಯರು ಮರೆಮಾಚಲಿಲ್ಲ. ವಿದ್ವಾಂಸನ ಪ್ರಾಮಾಣಿಕತೆ ಇದು. ನಾವು ಸಾಹಿತಿಗಳು ಇಷ್ಟನ್ನಾದರೂ ಒಪ್ಪಿಕೊಂಡಿದ್ದೇವೆಯೇ?

ಇದು ನಮ್ಮ ನಾಡಿಗೆ ಮಾತ್ರ ಬಂದ ತೊಡಕೆಂದು ತಿಳಿಯಬಾರದು. ದೂರದ ರೊಮೇನಿಯ ದೇಶದಲ್ಲಿ ಇಯೋನ್ ಕ್ರಿಯಾಂಗನೆಂಬ ಲೇಖಕನಿದ್ದನು. ಮಾಲ್ಡೇವಿಯ ಪ್ರಾಂತದ ಹುಮುಲೆಶ್ತಿ ಎಂಬ ಸಣ್ಣ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿ, ಯಾಶ್ ನಗರದಲ್ಲಿ ಉಪಾಧ್ಯಾಯನಾಗಿ, ನಡುವಯಸ್ಸಿನಲ್ಲಿ ತನ್ನ ಬಾಲ್ಯದ ನೆನಪುಗಳನ್ನು ಬರೆದನು. ಗೊರೂರರನ್ನು ಬಲ್ಲ ಕನ್ನಡಿಗನಿಗೆ ಆತನು ನೆಂಟನಂತೆ ತೋರುವನು. ಅಲ್ಲಿಯೂ ಒಂದು ಹೊಳೆಯಿದೆ, ಓಜಾನಾ ಎಂದು ಅದರ ಹೆಸರು. ಕೆಲಸ ತಪ್ಪಿಸಿ ಹೊಳೆಗೆ ಓಡಿದ ಹುಡುಗನ ಬಟ್ಟೆಗಳನ್ನು ತಾಯಿ ಎತ್ತಿಕೊಂಡು ಹೋಗಿ, ಅವನು ಬತ್ತಲೆಯಾಗಿ ಮನೆ ಸೇರಬೇಕಾದ ಪ್ರಸಂಗವನ್ನು ಓದಿದರೆ ನಮ್ಮ ಅಜ್ಜಿಯಂದಿರೂ ನಗುವರು. ಆತನ ಹಳ್ಳಿಯು ತನ್ನ ನೆಲಕ್ಕೆ ತಾನೇ ಒಡೆಯರಾದ ರೈತರ ಹಳ್ಳಿ. ಆತನಿಗೆ ಅದು ಹೆಮ್ಮೆಯ ಮಾತು. ಆದರೆ ಆತನು ಹೊಳೆಯಲ್ಲಿ ಈಜುತ್ತಿದ್ದ ವರ್ಷಗಳಲ್ಲಿ ಅದೇ ಮಾಲ್ಡೇವಿಯದಲ್ಲಿ ರೋಮಾ ಜನರನ್ನು ದಾಸರನ್ನಾಗಿ ಕೊಂಡು ಮಾರುತ್ತಿದ್ದರು. ಮಠಗಳ ದಾಸರಿಗೆ 1844ರಲ್ಲಿಯೂ ಖಾಸಗಿ ಒಡೆಯರ ದಾಸರಿಗೆ 1855ರಲ್ಲಿಯೂ ಬಿಡುಗಡೆಯಾಯಿತು. ಅವರ ಮಕ್ಕಳು ಆಗ ತಮ್ಮ ಬಾ­ಲ್ಯವನ್ನು ಬರೆದಿದ್ದರೆ ಆ ಸೀಮೆಯ ಹೊಳೆಗಳು ಹೇಗೆ ಕಾಣುತ್ತಿದ್ದುವೋ! ಇದರಿಂದ ಕ್ರಿಯಾಂಗನ ಹಿರಿಮೆ ಕುಗ್ಗುವುದಿಲ್ಲ. ಒಂದು ಹಳ್ಳಿಗೆ ಒಂದು ಪುಸ್ತಕ ಸಾಲದೆಂಬುದಷ್ಟೇ ಸಿದ್ಧವಾಗುವುದು.

ಎರಡನೆಯ ಪುಸ್ತಕವು ಕನ್ನಡಕ್ಕೆ ಬಂದಿತು, ಅದೂ ನಮ್ಮ ನೆರೆಯಿಂದ. ಕುಣಿಗಲಿಗೆ ಹೊಂದಿದ ಮಾಗಡಿ ತಾಲ್ಲೂಕಿನ ಮಂಚನಬೆಲೆಯವರಾದ ಕವಿ ಸಿದ್ದಲಿಂಗಯ್ಯನವರು (2021ರಲ್ಲಿ ತೀರಿಕೊಂಡರು) ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟರು. ಗೊರೂರರು ‘ನಮ್ಮ ಊರು’ ಎಂದರು; ಇವರು ಊರಿನ ಪಕ್ಕದಲ್ಲಿ ಕೇರಿಯನ್ನು ಇಟ್ಟರು. ನಡುವೆ ಗೆರೆಯನ್ನು ಎಳೆಯದೆ ಎರಡನ್ನೂ ಒಂದೇ ಪದವಾಗಿ ಬೆಸೆದುದು ಎಷ್ಟು ಅರ್ಥವತ್ತಾದುದು! ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟು ಹೊಲ ಉಳುತ್ತಿದ್ದ ದೃಶ್ಯವನ್ನು ಬಾಲಕನೊಬ್ಬನು ನೋಡುವನು. ಅವರಲ್ಲಿ ಒಬ್ಬರು ಅವನ ತಂದೆ. ಇಂಥದನ್ನು ಹೇಳುವ ಗ್ರಂಥವು ಕಣ್ಣೀರಿನಲ್ಲಿ ತೊಯ್ದಿರಬೇಕೆಂದು ನಾವು ನಿರೀಕ್ಷಿಸುವೆವು. ಆದರೆ ಪುಟ ಪುಟದಲ್ಲಿಯೂ ನಗು! ಹಸಿವನ್ನು ಕುರಿತು, ಭಯವನ್ನು ಕುರಿತು, ದೆವ್ವಗಳನ್ನು ಕುರಿತು, ತಮ್ಮ ಪೆದ್ದುತನವನ್ನು ಕುರಿತು ಅವರು ನಗುವರು. ಗೊರೂರರ ನಗುವು ಊರನ್ನು ಪ್ರೀತಿಸಿದವನ ನಗು. ಇವರ ನಗುವು ಊರು ತನ್ನನ್ನು ಪ್ರೀತಿಸದಿದ್ದರೂ ಬದುಕನ್ನು ಪ್ರೀತಿಸಿದವನ ನಗು.

ನನ್ನ ಅಭಿಪ್ರಾಯದಲ್ಲಿ ಸಿದ್ದಲಿಂಗಯ್ಯನವರು ಗೊರೂರರ ವಿರೋಧಿಯಲ್ಲ, ಉತ್ತರಾಧಿಕಾರಿ. ಚೋಮನ ಹೊಳೆಯ ಕತ್ತಲನ್ನು ಬಲ್ಲವರು ಅವರು. ಹೇಮಾವತಿಯ ದಡದ ಹರಟೆಯ ಸೊಗಸೂ ಅವರಿಗೆ ಒಲಿದಿತ್ತು. ಕಾರಂತರಲ್ಲಿ ವಿರಳವಾದ ನಗುವನ್ನೂ ಗೊರೂರರಲ್ಲಿ ಕಾಣದ ಕೇರಿಯನ್ನೂ ಒಂದೇ ಕೈಯಲ್ಲಿ ಹಿಡಿದವರು ಅವರೇ. ತುಮಕೂರಿನಲ್ಲಿ ಬಾಳಿ 2019ರಲ್ಲಿ ಅಗಲಿದ ಕವಿ ಕೆ. ಬಿ. ಸಿದ್ಧಯ್ಯನವರು ‘ದಕ್ಲಕಥಾ ದೇವಿಕಾವ್ಯ’ದಲ್ಲಿ ಬೇರೊಂದು ದಾರಿಯನ್ನು ಹಿಡಿದು, ಕೇರಿಗೂ ಪುರಾಣವಿದೆಯೆಂದು ತೋರಿಸಿದರು. ಅದರ ವಿಚಾರಕ್ಕೆ ಬೇರೆಯೇ ಲೇಖನ ಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸಾಹಿತ್ಯವು ಜನಗಣತಿಯೇ? ಲಲಿತಪ್ರಬಂಧವೊಂದರಿಂದ ಊರಿನ ಎಲ್ಲ ಬಾವಿಗಳ ಲೆಕ್ಕವನ್ನು ಕೇಳುವುದು ಅರಸಿಕತೆಯಲ್ಲವೇ? ಪ್ರಶ್ನೆ ನ್ಯಾಯವಾದುದು. ಒರೆಗಲ್ಲು ಚಿನ್ನವನ್ನು ಒಡೆಯುವುದಿಲ್ಲ. ಎಷ್ಟು ಬಣ್ಣದ್ದೆಂದು ತಿಳಿಸುವುದು. ‘ಹಳ್ಳಿಯ ಚಿತ್ರಗಳು’ ನೂರು ವರ್ಷಗಳ ಸಮೀಪಕ್ಕೆ ಬಂದರೂ ಓದಿಸಿಕೊಳ್ಳುತ್ತಿದೆ. ಅದರ ನಗು ಬಾಡಿಲ್ಲ. ಅದರ ಸ್ಥಾನವನ್ನು ಕೀಳುವ ಹಕ್ಕು ಯಾವ ವಿಮರ್ಶಕನಿಗೂ ಇಲ್ಲ. ಆದರೆ ಅದನ್ನು ‘ಕನ್ನಡ ಹಳ್ಳಿ’ಯ ಪೂರ್ಣಚಿತ್ರವೆಂದು ಮಕ್ಕಳಿಗೆ ಕೊಟ್ಟರೆ ತಪ್ಪು ಲೇಖಕರದಲ್ಲ, ನಮ್ಮದು. ಜಗುಲಿಯಿಂದ ಕಂಡುದನ್ನು ಅವರು ಪ್ರಾಮಾಣಿಕವಾಗಿ ಹೇಳಿದರು. ಜಗುಲಿಯೇ ಊರೆಂದು ತಿಳಿದವರು ನಾವು. ಆ ಸಂಜೆ ನನ್ನ ಸಹಪಾಠಿಯು ಪ್ರಶ್ನೆಯನ್ನು ಕೇಳಿದುದು ಪುಸ್ತಕಕ್ಕಲ್ಲ, ಓದುತ್ತಿದ್ದ ನನಗೆ. ಇದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ನೀರಿನಿಂದ ಹೊರಟ ಮಾತು ನೀರಿಗೇ ಬಂದು ನಿಲ್ಲಲಿ. ಗೊರೂರಿನ ಅಣೆಕಟ್ಟೆಯ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿಯ ಬಳಿ, 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುವುದನ್ನು ನೋಡಲು ಪ್ರವಾಸಿಗಳು ಹೋಗುವರು. ಅದರ ಸುತ್ತಲಿದ್ದ ಊರಿನವರು ಬೇರೆಡೆಗೆ ಹೋದರು. ನಮ್ಮ ಲೋಟದ ನೀರಿನಡಿಯಲ್ಲಿ ಯಾರದೋ ಊರು ಇದೆ. ಇತ್ತ, ಕುಣಿಗಲಿನ ಕಡೆಗೆ ನೇರವಾಗಿ ನೀರೊಯ್ಯುವ ಕೊಂಡಿ ಕಾಲುವೆಯ ಯೋಜನೆಯನ್ನು ಕುರಿತು 2024-25ರಲ್ಲಿ ಗುಬ್ಬಿ, ತುಮಕೂರು ಭಾಗದ ರೈತರು ಪ್ರತಿಭಟಿಸಿದುದನ್ನೂ, ಕುಣಿಗಲಿನವರು ತಮ್ಮ ಪಾಲನ್ನು ಕೇಳಿದುದನ್ನೂ ನಾವು ಕಂಡಿದ್ದೇವೆ. ನ್ಯಾಯವು ಯಾರದೆಂದು ತೀರ್ಮಾನಿಸುವುದು ಸಾಹಿತ್ಯಪತ್ರಿಕೆಯ ಕೆಲಸವಲ್ಲ. ಆದರೆ ಒಂದೇ ಕಾಲುವೆಗೆ ಬಾಯೊಡ್ಡಿದ ಊರುಗಳು ಪರಸ್ಪರರ ಬಾವಿಗಳ ಕಥೆಯನ್ನು ಅರಿಯದಿರುವುದು ಸಾಹಿತ್ಯದ ಸೋಲು. 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯಿಂದ ಗುಬ್ಬಿಯ ಹೆಸರು ನಾಡಿಗೆಲ್ಲ ತಿಳಿಯಿತು. ಹಾಡಿನಿಂದ ಕುಣಿಗಲಿನ ಕೆರೆ ತಿಳಿಯಿತು. ಗುಬ್ಬಿಯ ಸುತ್ತಣ ಊರುಗಳ ಜನರೂ ಕುಣಿಗಲ್ ಕೆರೆಯ ಕೆಳಗಣ ಜನರೂ ಒಬ್ಬರಿಗೊಬ್ಬರು ಎಷ್ಟು ತಿಳಿದಿದ್ದಾರೆ?

ಕ್ರಿಯಾಂಗನ ಬಾಲ್ಯದ ನೆನಪುಗಳು ಮೊದಲು ಅಚ್ಚಾದುದು 1881ರಲ್ಲಿ, ರಾಜಧಾನಿಯ ಪತ್ರಿಕೆಯಲ್ಲಲ್ಲ. ಯಾಶ್ ನಗರದ ಒಂದು ಸಾಹಿತ್ಯಸಂಘದ ಪತ್ರಿಕೆಯಲ್ಲಿ. ಇಂಥ ಪುಟಗಳಿಗೂ ಅಷ್ಟರ ಕೆಲಸ ಮಾಡುವ ಶಕ್ತಿಯುಂಟು. ಮಹಾಗ್ರಂಥ ಬೇಡ. ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಹಿರಿಯರಿದ್ದರೆ, ಅವರ ಬಾಲ್ಯದ ಊರಿನಲ್ಲಿ ನೀರಿನ ತಾಣಗಳು ಎಷ್ಟಿದ್ದುವು, ಯಾವುದಕ್ಕೆ ಯಾರು ಹೋಗುತ್ತಿದ್ದರು, ಯಾರು ದೂರ ನಿಂತು ಕೊಡಕ್ಕೆ ಹೊಯ್ಯಿಸಿಕೊಳ್ಳುತ್ತಿದ್ದರು ಎಂದು ಕೇಳಿ ಒಂದು ಪುಟ ಬರೆದಿಡಲಿ. ಗುಡಿಯ ಹಿಂದಣ ಬಾವಿಯ ಕಡೆಯವರೂ ಬರೆಯಲಿ, ತೋಪಿನ ಬಾವಿಯ ಕಡೆಯವರೂ ಬರೆಯಲಿ. ಎರಡನ್ನೂ ಒಂದೇ ಸಂಚಿಕೆಯಲ್ಲಿ ಎದುರುಬದುರಾಗಿ ಅಚ್ಚು ಮಾಡೋಣ. ನಮ್ಮ ಊರಿನ ಎರಡು ಬಾವಿಗಳೂ ಈಗ ಬತ್ತಿವೆ. ಕೊಳವೆಯ ನೀರು ಎಲ್ಲ ಮನೆಗೂ ಬಂದಿದೆ. ತೋಪಿನ ಬಾವಿಯ ನೀರು ಸಿಹಿಯಿತ್ತೆಂದು ನನ್ನ ಸಹಪಾಠಿಯು ಮೊನ್ನೆ ಹೇಳಿದನು. ಆತನ ಮಾತನ್ನು ನಂಬುವುದಲ್ಲದೆ ನನಗೆ ಬೇರೆ ದಾರಿಯಿಲ್ಲ.